ಸಂಶೋಧನೆಯ ಹಲವು ದಾರಿಗಳು: ಬಿ.ಜಿ.ಎಲ್. ಸ್ವಾಮಿಯವರನ್ನು ಮುಂದಿಟ್ಟುಕೊಂಡು

ನಮ್ಮ ಕನ್ನಡ ಕೂಟದ ಸಭೆಗಳಲ್ಲಿ ‘ಸಂಶೋಧನೆ’ ಎಂಬ ಮಾತು ಬಂದರೆ ಸಾಮಾನ್ಯವಾಗಿ ಎರಡು ಚಿತ್ರಗಳು ಕಣ್ಣ ಮುಂದೆ ನಿಲ್ಲುತ್ತವೆ. ಒಂದು, ಬಿಳಿ ಕೋಟು ತೊಟ್ಟು ಪ್ರಯೋಗಾಲಯದಲ್ಲಿ ನಿಂತವರದು. ಇನ್ನೊಂದು, ತಾಳೆಗರಿಯ ಕಟ್ಟು ಬಿಚ್ಚಿಕೊಂಡು ಕನ್ನಡಕ ಇಳಿಸಿ ಕೂತವರದು. ಮೊದಲನೆಯವರನ್ನು ಕಂಡರೆ ನಮಗೆ ಹೆಮ್ಮೆ. ಎರಡನೆಯವರನ್ನು ಕಂಡರೆ ಗೌರವ, ಜೊತೆಗೆ ಸ್ವಲ್ಪ ಕನಿಕರ. ಮೊದಲನೆಯದು ನಿಜವಾದ ಸಂಶೋಧನೆ, ಎರಡನೆಯದು ಅಭಿರುಚಿಯ ವಿಷಯ ಎಂದು ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ತೀರ್ಮಾನಿಸಿಕೊಂಡಿರುತ್ತೇವೆ. ಈ ತೀರ್ಮಾನ ಸರಿಯೇ ಎಂದು ನೋಡುವುದು ಈ ಲೇಖನದ ಉದ್ದೇಶ.

ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ. ವೈದ್ಯನಾಗಿ ದುಡಿದು ನಿವೃತ್ತನಾದವನು. ಸಾಕ್ಷ್ಯವನ್ನು ತೂಗಿ ನೋಡುವುದು ನನ್ನ ವೃತ್ತಿ ಕಲಿಸಿದ ಪಾಠ. ಅದೇ ತಕ್ಕಡಿಯನ್ನು ಹಿಡಿದು, ಎರಡೂ ದಡಗಳಲ್ಲಿ ಕೆಲಸ ಮಾಡಿದ ಒಬ್ಬ ಕನ್ನಡಿಗರ ಬರವಣಿಗೆಯನ್ನು ಇಲ್ಲಿ ಪರಿಶೀಲಿಸಿದ್ದೇನೆ. ಅವರು ಬಿ.ಜಿ.ಎಲ್. ಸ್ವಾಮಿ (1918–1980). ಡಿ.ವಿ.ಜಿ.ಯವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರೂ ಪ್ರಾಂಶುಪಾಲರೂ ಆಗಿದ್ದವರು. ಕನ್ನಡ ಓದುಗರಿಗೆ ‘ಹಸುರು ಹೊನ್ನು’ ಬರೆದವರು. ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಕಥೆಯ ನಡುನಡುವೆ ಗಿಡಗಳ ಪರಿಚಯ ಮಾಡಿಸುವ ಆ ಪುಸ್ತಕವನ್ನು ನಮ್ಮಲ್ಲಿ ಹಲವರು ನಗುತ್ತ ಓದಿದ್ದೇವೆ. ಆದರೆ ಅವರ ಸಂಶೋಧನೆ ಏನು ಎಂದು ಕೇಳಿದರೆ ಬಹುಮಂದಿ ಸುಮ್ಮನಾಗುತ್ತೇವೆ. ಸಸ್ಯವಿಜ್ಞಾನಿಗಳಿಗೆ ಅವರ ಇಂಗ್ಲಿಷ್ ಪ್ರಬಂಧಗಳು ಗೊತ್ತು, ಹಾಸ್ಯ ಗೊತ್ತಿಲ್ಲ. ನಮಗೆ ಹಾಸ್ಯ ಗೊತ್ತು, ಪ್ರಬಂಧಗಳು ಗೊತ್ತಿಲ್ಲ.

ಕಟ್ಟಿಗೆಯೊಳಗಿನ ಕೊಳವೆ

ಮೊದಲು ಸಸ್ಯಶಾಸ್ತ್ರಕ್ಕೆ ಬರೋಣ. ಸ್ವಾಮಿಯವರು ಅಮೆರಿಕಕ್ಕೆ ಬಂದು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇರ್ವಿಂಗ್ ಬೈಲಿ ಎಂಬ ಹಿರಿಯ ಸಸ್ಯಶಾಸ್ತ್ರಜ್ಞರ ಜೊತೆ ಕೆಲಸ ಮಾಡಿದರು. ಆ ದಿನಗಳ ಅನುಭವ ‘ಅಮೆರಿಕದಲ್ಲಿ ನಾನು’ ಪುಸ್ತಕದಲ್ಲಿದೆ. ಆಗ ಅವರನ್ನು ಕಾಡುತ್ತಿದ್ದ ದೊಡ್ಡ ಪ್ರಶ್ನೆ, ಹೂಬಿಡುವ ಸಸ್ಯಗಳ ಮೂಲ ಯಾವುದು ಎಂಬುದು. ಡಾರ್ವಿನ್‌ಗೂ ಬಗೆಹರಿಯದೆ ಉಳಿದಿದ್ದ ಪ್ರಶ್ನೆ ಅದು.

ಹೂಬಿಡುವ ಬಹುಪಾಲು ಗಿಡಗಳ ಕಟ್ಟಿಗೆಯಲ್ಲಿ ನೀರು ಮೇಲೇರಲು ಕೊಳವೆಗಳಿರುತ್ತವೆ. ಕೋಶಗಳು ಒಂದರ ತುದಿಗೆ ಒಂದು ನಿಂತು, ನಡುವಿನ ಗೋಡೆ ಕರಗಿ ತೂತಾದಾಗ ಕೊಳವೆ ಆಗುತ್ತದೆ. ಪೈನ್ ಜಾತಿಯ ಮರಗಳಲ್ಲಿ ಹೀಗೆ ತೂತಾಗುವುದಿಲ್ಲ. ನೀರು ಗೋಡೆಯ ಸಣ್ಣ ಗುಳಿಗಳ ಮೂಲಕ ಜಿನುಗಿ ಸಾಗುತ್ತದೆ. ಹೂ ಬಿಟ್ಟರೂ ಕೊಳವೆ ಇಲ್ಲದ ಗಿಡಗಳು ಪ್ರಪಂಚದಲ್ಲಿ ಬೆರಳೆಣಿಕೆಯಷ್ಟು. 1950ರಲ್ಲಿ ಸ್ವಾಮಿ ಮತ್ತು ಬೈಲಿ ಸೇರಿ ಸಾರ್ಕಾಂಡ್ರ ಎಂಬ ಕುಲದ ಗಿಡಗಳನ್ನೂ ಆ ಪಟ್ಟಿಗೆ ಸೇರಿಸಿದರು. ಮುಂದಿನ ವರ್ಷ ಅವರಿಬ್ಬರೂ ಹೂವಿನ ಅಂಡಕೋಶ ಹೇಗೆ ರೂಪುಗೊಂಡಿರಬಹುದು ಎಂಬುದರ ಬಗ್ಗೆ ಇನ್ನೊಂದು ಪ್ರಬಂಧ ಬರೆದರು. ಮಧ್ಯಕ್ಕೆ ಮಡಿಚಿಕೊಂಡ ಒಂದು ಎಲೆಯ ಮಾದರಿ ಅದರ ತಿರುಳು. ಸಸ್ಯರಚನೆಯ ಪಾಠಗಳಲ್ಲಿ ಅದರ ಪ್ರಸ್ತಾಪ ಬಹುಕಾಲ ನಡೆಯಿತು.

ಇದು ಎಂಥ ಸಂಶೋಧನೆ ಎಂದು ಗಮನಿಸಿ. ಇಲ್ಲಿ ‘ಪ್ರಯೋಗ’ ಎಂಬುದೇ ಇಲ್ಲ. ಔಷಧಿ ಕೊಟ್ಟು ಪರಿಣಾಮ ನೋಡಿದ್ದಿಲ್ಲ, ಅಂಕಿಅಂಶದ ಲೆಕ್ಕವೂ ಇಲ್ಲ. ಕಟ್ಟಿಗೆಯನ್ನು ತೆಳ್ಳಗೆ ಹೆರೆದು, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಒಂದಾದ ಮೇಲೊಂದು ಚೂರು ನೋಡುತ್ತ, ಕಂಡದ್ದನ್ನು ಬರೆದು, ಇನ್ನೊಂದು ಗಿಡದ ಜೊತೆ ಹೋಲಿಸುವುದು. ಆಸ್ಪತ್ರೆಯ ಪೆಥಾಲಜಿಸ್ಟ್ ಮಾಡುವುದೂ ಇದನ್ನೇ. ಗಡ್ಡೆ ಕ್ಯಾನ್ಸರೋ ಅಲ್ಲವೋ ಎಂದು ಹೇಳುವುದು ಇವತ್ತಿಗೂ ಬಹುಮಟ್ಟಿಗೆ ನುರಿತ ಕಣ್ಣಿನ ಹೋಲಿಕೆ. ಅಂದರೆ ವಿಜ್ಞಾನದ ಒಳಗೇ ಸಂಶೋಧನೆಯ ದಾರಿ ಒಂದಲ್ಲ. ವಿವರಿಸುವುದು ಒಂದು, ಹೋಲಿಸುವುದು ಒಂದು, ಎಣಿಸುವುದು ಒಂದು, ಬದಲಾಯಿಸಿ ನೋಡುವುದು ಇನ್ನೊಂದು. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಕೆಲಸ ಮಾಡುತ್ತದೆಯೇ ಎಂದು ಬ್ರಿಟನ್ನಿನಲ್ಲಿ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದ ವರದಿ ಬಂದದ್ದು 1948ರಲ್ಲಿ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಡಾಲ್ ಮತ್ತು ಹಿಲ್ 1950ರಲ್ಲಿ ತೋರಿಸಿದ್ದು ಹಾಗೆ ಗುಂಪು ಮಾಡಿ ಅಲ್ಲ. ಕಾಯಿಲೆಯವರನ್ನೂ ಇಲ್ಲದವರನ್ನೂ ಕೂರಿಸಿಕೊಂಡು ಅವರ ಹಿಂದಿನ ಅಭ್ಯಾಸಗಳನ್ನು ವಿಚಾರಿಸಿ. ಎರಡನೆಯದು ಒಂದು ರೀತಿಯಲ್ಲಿ ಇತಿಹಾಸಕಾರನ ಕೆಲಸವೇ.

ಸಾರ್ಕಾಂಡ್ರದ ಕಥೆ ಅಲ್ಲಿಗೆ ಮುಗಿಯಲಿಲ್ಲ. 1987ರಲ್ಲಿ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಎಂಬ ಅಮೆರಿಕದ ಸಸ್ಯಶಾಸ್ತ್ರಜ್ಞರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದೇ ಕುಲದ ಗಿಡದ ಬೇರಿನ ಕಟ್ಟಿಗೆಯಲ್ಲಿ ಕೊಳವೆಗಳಿವೆ ಎಂದು ತೋರಿಸಿದರು. ಹಾಗಾದರೆ ಸ್ವಾಮಿಯವರ ಸಂಶೋಧನೆ ಸುಳ್ಳಾಯಿತೇ? ನನ್ನ ಮಟ್ಟಿಗೆ ಇಲ್ಲ. ಅವರು ಏನು ನೋಡಿದರು, ಹೇಗೆ ನೋಡಿದರು ಎಂಬುದನ್ನು ಎಷ್ಟು ಸ್ಪಷ್ಟವಾಗಿ ಬರೆದಿಟ್ಟಿದ್ದರೆಂದರೆ, ಮೂವತ್ತೇಳು ವರ್ಷಗಳ ನಂತರ ಬಂದವರು ಎಲ್ಲಿ ತಿದ್ದಬೇಕೋ ಅಲ್ಲಿ ನೇರವಾಗಿ ಕೈಯಿಡಲು ಸಾಧ್ಯವಾಯಿತು. ತಿದ್ದಲು ಬರುವಂತೆ ಬರೆಯುವುದೇ ಸಂಶೋಧನೆಯ ಲಕ್ಷಣ. ಈ ಅಳತೆಗೋಲನ್ನು ಮುಂದೆಯೂ ಬಳಸುತ್ತೇನೆ.

ಎಲ್ಲೆಯ ಮರಗಳು

‘ಶಾಸನಗಳಲ್ಲಿ ಗಿಡಮರಗಳು’ ಎಂಬ ಪುಸ್ತಕದಲ್ಲಿ ಸ್ವಾಮಿಯವರು ಸೂಕ್ಷ್ಮದರ್ಶಕವನ್ನು ಪಕ್ಕಕ್ಕಿಟ್ಟು ಕಲ್ಲು, ತಾಮ್ರಪಟಗಳ ಕಡೆಗೆ ತಿರುಗಿದರು. ನಮ್ಮ ದಾನಶಾಸನಗಳಲ್ಲಿ ಇಂಥವರಿಗೆ ಇಂಥ ಭೂಮಿ ಕೊಟ್ಟೆವೆಂದು ಬರೆದ ಮೇಲೆ ಅದರ ಎಲ್ಲೆಯನ್ನು ಹೇಳುವುದುಂಟು: ಮೂಡಣಕ್ಕೆ ಕೆರೆ, ತೆಂಕಣಕ್ಕೆ ಹುಣಸೆಮರ, ಪಡುವಣಕ್ಕೆ ಹುತ್ತ, ಹೀಗೆ. ನಾವು ಸಾಧಾರಣವಾಗಿ ರಾಜನ ಹೆಸರು, ಬಿರುದು, ಇಸವಿ ನೋಡಿ ಶಾಸನವನ್ನು ಮಡಿಚಿಡುತ್ತೇವೆ. ಸಸ್ಯಶಾಸ್ತ್ರಜ್ಞನ ಕಣ್ಣು ಎಲ್ಲೆಯ ಮರದ ಮೇಲೆ ನಿಂತಿತು.

ಇದರ ಬೆಲೆ ಏನು? ಶಾಸನ ಬರೆಸಿದವನಿಗೆ ಗಿಡಮರಗಳ ಬಗ್ಗೆ ಹೇಳುವ ಉದ್ದೇಶವೇ ಇರಲಿಲ್ಲ. ತನ್ನ ಪರಾಕ್ರಮದ ಬಗ್ಗೆ ಅವನು ಹಿಗ್ಗಿಸಿ ಹೇಳಿಸಬಹುದು. ಹೊಲದ ಅಂಚಿನಲ್ಲಿ ಆಲದ ಮರವಿತ್ತೆಂದು ಸುಳ್ಳು ಹೇಳಿ ಅವನಿಗೆ ಆಗಬೇಕಾದ್ದೇನೂ ಇಲ್ಲ. ಹೇಳಿದರೆ ಎಲ್ಲೆಯ ಜಗಳ ಬೇರೆ. ಕಾವ್ಯದ ವನವರ್ಣನೆಯ ಮಾತು ಬೇರೆ. ಅಲ್ಲಿ ಕವಿಸಮಯದಂತೆ ಒಂದೇ ಕಡೆ ಬೆಳೆಯದ ಮರಗಳೂ ಅಕ್ಕಪಕ್ಕ ನಿಂತು ಒಟ್ಟಿಗೆ ಹೂ ಬಿಡಬಹುದು. ರೋಗಿಯ ಮಾತಿನಲ್ಲೂ ಹೀಗೆಯೇ. ‘ನಾನು ಕುಡಿಯೋದು ಬಹಳ ಕಮ್ಮಿ ಡಾಕ್ಟ್ರೇ’ ಎನ್ನುವ ಹೇಳಿಕೆಗಿಂತ, ಬೇರೇನೋ ಹೇಳುವಾಗ ಬಾಯಿತಪ್ಪಿ ಬಂದ ಒಂದು ವಿವರ ಹೆಚ್ಚು ನಂಬಿಕೆಗೆ ಅರ್ಹ.

ಆದರೆ ಈ ದಾರಿಯಲ್ಲಿ ಒಂದು ಕಂದಕವಿದೆ, ಅದು ಹೆಸರಿನ ಕಂದಕ. ಊರಿನ ಹೆಸರು ಯಾವ ಗಿಡಕ್ಕೆ ಸಲ್ಲುತ್ತದೆ ಎಂಬುದು ಸೀಮೆಯಿಂದ ಸೀಮೆಗೆ ಬದಲಾಗುತ್ತದೆ. ಮಲೆನಾಡಿನವರ ‘ಹೊನ್ನೆ’ ಕೆಂಪು ಅಂಟು ಸುರಿಸುವ, ಪೀಠೋಪಕರಣಕ್ಕೆ ಬರುವ ಮರ. ಕರಾವಳಿಯಲ್ಲಿ ‘ಹೊನ್ನೆ’ ಎಂದರೆ ದೀಪಕ್ಕೆ ಎಣ್ಣೆ ಕೊಡುತ್ತಿದ್ದ ಸುರಹೊನ್ನೆ. ಎರಡೂ ಬೇರೆ ಬೇರೆ ಕುಟುಂಬದ ಮರಗಳು. ಶಾಸನದಲ್ಲಿ ಹೊನ್ನೆ ಎಂದಿದ್ದರೆ ಯಾವುದು? ಗಿಡವನ್ನಷ್ಟೇ ಬಲ್ಲವನಿಗೆ ಇದು ಬಗೆಹರಿಯದು. ಭಾಷೆಯನ್ನಷ್ಟೇ ಬಲ್ಲವನಿಗೂ ಬಗೆಹರಿಯದು. ಶಾಸನ ಸಿಕ್ಕ ಊರು, ಅಲ್ಲಿನ ಮಳೆ, ಮಣ್ಣು, ಇವತ್ತಿನ ಆಡುಮಾತು, ಎಲ್ಲವೂ ಬೇಕು. ಇಲ್ಲಿ ವಿಜ್ಞಾನವೂ ಮಾನವಿಕ ಶಾಸ್ತ್ರವೂ ಒಂದಾದದ್ದು ಒಳ್ಳೆಯ ಮನಸ್ಸಿನಿಂದಲ್ಲ, ಅನಿವಾರ್ಯದಿಂದ.

ಇನ್ನೊಂದು ಮಾತು. ಬಿ.ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳ ಸಂಪುಟದಿಂದ ‘ಎಪಿಗ್ರಾಫಿಯ ಕರ್ನಾಟಿಕ’ವನ್ನು ಆರಂಭಿಸಿದರು. ಊರೂರು ತಿರುಗಿ ಅಚ್ಚೆ ತೆಗೆದು, ಓದಿ, ಮುದ್ರಿಸಿದ ಆ ಕೆಲಸವನ್ನು ಆಮೇಲೆ ಆರ್. ನರಸಿಂಹಾಚಾರ್ಯರಂಥವರು ಮುಂದುವರಿಸಿದರು. ಗಿಡಮರಗಳ ಪುಸ್ತಕವೊಂದಕ್ಕೆ ಇದು ನೆರವಾದೀತೆಂದು ಆಗ ಯಾರು ಎಣಿಸಿದ್ದರು? ಸಂಗ್ರಹಿಸಿ ಜೋಪಾನ ಮಾಡುವುದೂ ಸಂಶೋಧನೆಯ ಒಂದು ಬಗೆ. ಅದರ ಫಲವನ್ನು ಉಣ್ಣುವವರು ಬೇರೆ ಯಾರೋ.

ಹೊಟ್ಟೆಯ ಇತಿಹಾಸ, ಸೋಮನಾಥಪುರದ ಕೈ

‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಪುಸ್ತಕದ ಹೆಸರೇ ನಗು ತರಿಸುತ್ತದೆ. ವಿಷಯ ಮಾತ್ರ ಗಂಭೀರ. ಹಸಿಮೆಣಸಿನಕಾಯಿ, ಆಲೂಗಡ್ಡೆ, ಟೊಮ್ಯಾಟೊ, ಸೀಬೆ, ಕಡಲೆಕಾಯಿ, ಇವು ಯಾವುವೂ ಕೊಲಂಬಸ್ 1492ರಲ್ಲಿ ಅಟ್ಲಾಂಟಿಕ್ ದಾಟುವ ಮುಂಚೆ ನಮ್ಮ ಅಡುಗೆಮನೆಯಲ್ಲಿರಲಿಲ್ಲ. ಆ ಪುಸ್ತಕ ಓದಿದ ಮೇಲೆ ನಮ್ಮ ಮಾತಿನಲ್ಲೇ ಇದಕ್ಕೆ ಎಷ್ಟು ಸುಳುಹುಗಳಿವೆ ಎಂದು ನಾನೂ ಹುಡುಕುತ್ತಿರುತ್ತೇನೆ. ಪಪ್ಪಾಯಿಗೆ ನಾವು ಪರಂಗಿ ಹಣ್ಣು ಎನ್ನುತ್ತೇವೆ. ಪರಂಗಿಯವರು ತಂದದ್ದೆಂದು ಹೆಸರೇ ಒಪ್ಪಿಕೊಳ್ಳುತ್ತದೆ. ಸೀಮೆಬದನೆಯ ‘ಸೀಮೆ’ಯೂ ಹಾಗೆಯೇ. ಅನಾನಸ್ ಬ್ರೆಜಿಲ್ಲಿನ ಮೂಲನಿವಾಸಿಗಳ ಮಾತು. ಹಳೆಯ ಕರಿಮೆಣಸಿನ ಹೆಸರಿಗೆ ‘ಕಾಯಿ’ ಸೇರಿಸಿ ಹೊಸ ಖಾರಕ್ಕೆ ಮೆಣಸಿನಕಾಯಿ ಎಂದೆವು.

ಆದರೆ ಹೆಸರು ಮೋಸವನ್ನೂ ಮಾಡುತ್ತದೆ. ಸೀತಾಫಲ, ರಾಮಫಲ ಎಂಬ ಹೆಸರು ಕೇಳಿದರೆ ತ್ರೇತಾಯುಗದಿಂದ ನಮ್ಮ ಹಿತ್ತಲಲ್ಲೇ ಇದ್ದಂತಿದೆ. ಎರಡೂ ಅಮೆರಿಕ ಖಂಡದ ಗಿಡಗಳು. ಹಾಗಾಗಿ ಭಾಷೆಯ ಸಾಕ್ಷ್ಯವನ್ನು ಒಂದೇ ಕಾಲಿನ ಮೇಲೆ ನಿಲ್ಲಿಸುವಂತಿಲ್ಲ.

ಈ ಮಾತಿಗೆ ಒಳ್ಳೆಯ ಪರೀಕ್ಷೆ ನಮ್ಮ ಸೋಮನಾಥಪುರದಲ್ಲೇ ನಡೆಯಿತು. ಹದಿಮೂರನೆಯ ಶತಮಾನದ ಆ ಹೊಯ್ಸಳ ದೇವಾಲಯದ ಕೆಲವು ಮೂರ್ತಿಗಳ ಕೈಯಲ್ಲಿ ಕಾಳು ಜೋಡಿಸಿದಂತಿರುವ ಒಂದು ವಸ್ತುವಿದೆ. ಆರೆಗನ್ ವಿಶ್ವವಿದ್ಯಾಲಯದ ಭೂಗೋಳಶಾಸ್ತ್ರಜ್ಞ ಕಾರ್ಲ್ ಯೋಹಾನೆಸನ್, ಆನ್ ಪಾರ್ಕರ್ ಅವರ ಜೊತೆಗೂಡಿ, 1989ರಲ್ಲಿ ‘ಎಕನಾಮಿಕ್ ಬಾಟನಿ’ ಪತ್ರಿಕೆಯಲ್ಲಿ ಅದು ಮುಸುಕಿನ ಜೋಳದ ತೆನೆ ಎಂದು ವಾದಿಸಿದರು. ತೆನೆಯ ಆಕಾರ, ಕಾಳಿನ ಸಾಲುಗಳನ್ನು ನಿಜವಾದ ತೆನೆಗಳ ಜೊತೆ ಹೋಲಿಸಿದ್ದರು. ಅದು ನಿಜವಾದರೆ ಕೊಲಂಬಸ್‌ಗಿಂತ ಮುಂಚೆಯೇ ಅಮೆರಿಕಕ್ಕೂ ಕರ್ನಾಟಕಕ್ಕೂ ಸಂಪರ್ಕವಿತ್ತೆಂದಾಯಿತು. ಈ ವಾದವನ್ನು ಮುಸುಕಿನ ಜೋಳದ ಮೇಲೆ ಕೆಲಸ ಮಾಡಿದ್ದ ಭಾರತದ ವಿಜ್ಞಾನಿಗಳಾದ ಎಂ.ಎಂ. ಪಾಯಕ್ ಮತ್ತು ಜೆ.ಕೆ.ಎಸ್. ಸಚನ್ ಒಪ್ಪಲಿಲ್ಲ. 1993ರಲ್ಲಿ ಅದೇ ಪತ್ರಿಕೆಯಲ್ಲಿ ಉತ್ತರ ಬರೆದರು: ಅದು ಜೋಳವಲ್ಲ, ಮುತ್ತು ಪೋಣಿಸಿದ ಕಲ್ಪನೆಯ ಹಣ್ಣು, ಸಂಸ್ಕೃತದಲ್ಲಿ ‘ಮುಕ್ತಾಫಲ’ ಎನ್ನುವಂಥದು.

ಈ ಚರ್ಚೆಯಲ್ಲಿ ನನಗೆ ಬಹಳ ಹಿಡಿಸಿದ್ದು ಪಾತ್ರಗಳು ಅದಲುಬದಲಾದ ರೀತಿ. ಸಂಸ್ಕೃತಿಯ ಇತಿಹಾಸ ಹೇಳಹೊರಟವರು ಅಳತೆಪಟ್ಟಿ ಹಿಡಿದರು. ಗಿಡದ ವಿಜ್ಞಾನಿಗಳು ಸಂಸ್ಕೃತ ಪದದ ಅರ್ಥಕ್ಕೆ ಹೋದರು. ನನ್ನ ತೀರ್ಪು ಎರಡನೆಯವರ ಕಡೆಗೆ. ಹೊಯ್ಸಳ ಶಿಲ್ಪಿ ಮೈತುಂಬ ಮುತ್ತಿನ ಸರ ಕೊರೆಯುವವನು. ಅವನು ಕೊರೆದ ಹಣ್ಣಿನ ಮೇಲೂ ಮುತ್ತಿದ್ದರೆ ಆಶ್ಚರ್ಯವಿಲ್ಲ. ಆಕಾರದ ಹೋಲಿಕೆಯೊಂದೇ ಸಾಲದು. ಬೆಳೆದ ಬೆಳೆಯಾಗಿದ್ದರೆ ನೆಲದಲ್ಲಿ ಕಾಳೋ ದಿಂಡೋ ಸಿಗಬೇಕು, ತೆರಿಗೆಯ ಲೆಕ್ಕದಲ್ಲಿ ಹೆಸರು ಬರಬೇಕು. ಅಂಥ ಎಲ್ಲರೂ ಒಪ್ಪುವ ಸಾಕ್ಷ್ಯ ಬಂದಿಲ್ಲ. ಎಕ್ಸ್‌ರೇಯಲ್ಲಿ ಒಂದು ನೆರಳು ಕಂಡ ಮಾತ್ರಕ್ಕೆ ಚಿಕಿತ್ಸೆ ಶುರುಮಾಡುವುದಿಲ್ಲ. ರೋಗಿಯ ಕಥೆ, ರಕ್ತಪರೀಕ್ಷೆ, ಎಲ್ಲವೂ ಒಂದೇ ಕಡೆ ಬೆರಳು ತೋರಬೇಕು. ‘ನಮ್ಮ ಪೂರ್ವಿಕರಿಗೆ ಅಮೆರಿಕ ಮೊದಲೇ ಗೊತ್ತಿತ್ತು’ ಎಂಬ ಸಂದೇಶಗಳು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಬರುತ್ತಲೇ ಇರುತ್ತವೆ. ಅವುಗಳನ್ನು ಮುಂದಕ್ಕೆ ತಳ್ಳುವ ಮುನ್ನ ಈ ಕಥೆಯನ್ನು ನೆನೆಯುವುದು ಒಳ್ಳೆಯದು.

ತಪ್ಪುಗಳ ವಂಶವೃಕ್ಷ

ಎರಡು ಲೋಕಗಳ ನಂಟಿಗೆ ಇನ್ನೊಂದು ನಿದರ್ಶನ ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯ ವಿಷಯ. ಕವಿ ಬರೆದ ಮೂಲಪ್ರತಿ ನಮ್ಮಲ್ಲಿಲ್ಲ. ಇರುವುದು ನಕಲಿನ ನಕಲುಗಳು. ಯಾವ ಪ್ರತಿ ಯಾವುದರಿಂದ ಹುಟ್ಟಿತು ಎಂದು ತಿಳಿಯಲು ಸಂಪಾದಕ ಸರಿಯಾದ ಪಾಠಗಳನ್ನಲ್ಲ, ತಪ್ಪುಗಳನ್ನು ನೋಡುತ್ತಾನೆ. ಎರಡು ಓಲೆಪ್ರತಿಗಳಲ್ಲಿ ಒಂದೇ ವಿಚಿತ್ರವಾದ ತಪ್ಪು ಇದ್ದರೆ ಅವೆರಡಕ್ಕೂ ಒಂದೇ ತಾಯಿ ಇರಬೇಕು. ಹೀಗೆ ತಪ್ಪುಗಳಿಂದ ವಂಶವೃಕ್ಷ ಬರೆಯುತ್ತಾರೆ.

ಆಸ್ಪತ್ರೆಯಲ್ಲಿ ಸೋಂಕು ಹರಡಿದಾಗ ನಾವು ಮಾಡುವುದೂ ಇದನ್ನೇ. ರೋಗಾಣು ತನ್ನನ್ನು ನಕಲು ಮಾಡಿಕೊಳ್ಳುವಾಗ ತಪ್ಪುಗಳಾಗುತ್ತವೆ. ಇಬ್ಬರು ರೋಗಿಗಳಲ್ಲಿ ಒಂದೇ ತಪ್ಪು ಕಂಡರೆ ಸೋಂಕಿನ ಮೂಲ ಒಂದೇ ಎಂದು ಅನುಮಾನಿಸುತ್ತೇವೆ. ಕೋವಿಡ್ ಕಾಲದಲ್ಲಿ ತಳಿಗಳನ್ನು ಗುರುತಿಸಿದ್ದು ಹೀಗೆ. 1998ರಲ್ಲಿ ಜೀವವಿಜ್ಞಾನಿಗಳೂ ಸಾಹಿತ್ಯ ವಿದ್ವಾಂಸರೂ ಸೇರಿ, ಜೀವಿಗಳ ವಂಶವೃಕ್ಷ ಬರೆಯುವ ಗಣಿತದಿಂದಲೇ ಚಾಸರ್ ಕವಿಯ ‘ಕ್ಯಾಂಟರ್ಬರಿ ಟೇಲ್ಸ್’ ಹಸ್ತಪ್ರತಿಗಳ ವಂಶವೃಕ್ಷ ಬರೆದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ತರ್ಕವನ್ನು ಓಲೆಗರಿಗಳ ಮುಂದೆ ಕೂತ ಪಂಡಿತರು ಡಿಎನ್‌ಎ ರಚನೆ ಗೊತ್ತಾಗುವ ಮುಂಚೆಯೇ ಬಳಸುತ್ತಿದ್ದರು ಎಂಬುದು ನಮ್ಮ ಕನಿಕರವನ್ನು ಕೊಂಚ ಕಡಿಮೆ ಮಾಡಬೇಕು.

ಸ್ವಾಮಿಯವರ ಮಿತಿ

ವಿಮರ್ಶೆ ಎಂದ ಮೇಲೆ ಮೆಚ್ಚುಗೆಯೊಂದೇ ಸಾಲದು. ಮದರಾಸಿನಲ್ಲಿದ್ದಾಗ ಸ್ವಾಮಿಯವರು ತಮಿಳುನಾಡಿನ ಇತಿಹಾಸದ ಬಗ್ಗೆಯೂ ಇಂಗ್ಲಿಷಿನಲ್ಲಿ ಬರೆದರು. ಕಳಭ್ರರ ಕಾಲ, ನಾಲ್ವರು ಶೈವ ಆಚಾರ್ಯರು, ಚಿದಂಬರದ ನಟರಾಜ ಇಂಥ ಕಷ್ಟದ ವಿಷಯಗಳನ್ನೇ ಎತ್ತಿಕೊಂಡರು. ಭಕ್ತಿಯಿಂದಲೋ ಅಭಿಮಾನದಿಂದಲೋ ಒಪ್ಪಿಕೊಂಡು ಬಂದದ್ದನ್ನು ಶಾಸನದ ಮುಂದೆ ನಿಲ್ಲಿಸಿ ಪ್ರಶ್ನಿಸುವ ಧೈರ್ಯ ಮೆಚ್ಚತಕ್ಕದ್ದು. ಆದರೆ ಶಾಸನವನ್ನೇ ಮುಖ್ಯ ಸಾಕ್ಷಿಯಾಗಿ ಹಿಡಿಯುವ ಯಾರಿಗೂ ಒಂದು ಅಪಾಯ ಕಾದಿರುತ್ತದೆ: ಶಾಸನದಲ್ಲಿ ಹೇಳಿಲ್ಲ, ಆದ್ದರಿಂದ ಇರಲಿಲ್ಲ ಎಂದುಬಿಡುವುದು. ನಮ್ಮಲ್ಲಿ ಪರೀಕ್ಷೆ ‘ನೆಗೆಟಿವ್’ ಬಂದರೆ ಮೊದಲು ಕೇಳುವುದು, ಈ ಪರೀಕ್ಷೆ ಕಾಯಿಲೆಯನ್ನು ಎಷ್ಟರಮಟ್ಟಿಗೆ ಹಿಡಿಯಬಲ್ಲದು ಎಂದು. ಕಲ್ಲಿನಲ್ಲಿ ಕೊರೆಸುವಷ್ಟು ಹಣವೂ ಅಧಿಕಾರವೂ ಇದ್ದವರ ಮಾತಷ್ಟೇ ಕಲ್ಲಿನಲ್ಲಿ ಉಳಿಯಿತು. ಉಳಿದವರ ಮೌನ ಅವರು ಇರಲಿಲ್ಲ ಎಂಬುದಕ್ಕೆ ಪುರಾವೆಯಲ್ಲ.

ಎರಡನೆಯದು ಧಾಟಿ. ‘ತಮಿಳು ತಲೆಗಳ ನಡುವೆ’ಯ ಕುಟುಕು ಓದಲು ರುಚಿ, ಅದರಲ್ಲೂ ಕನ್ನಡಿಗರಿಗೆ. ಆದರೆ ಯಾರ ಅಭಿಪ್ರಾಯವನ್ನು ತಿದ್ದಬೇಕೋ ಅವರು ಪುಸ್ತಕವನ್ನು ಮುಚ್ಚಿಟ್ಟುಬಿಡುವಂತೆ ಅದು ಮಾಡುತ್ತದೆ. ಸಾರ್ಕಾಂಡ್ರದ ಪ್ರಬಂಧದಲ್ಲಿ ಎದುರಾಳಿಯೂ ಮುಂದುವರಿಸಬಹುದಾದ ದಾರಿಯಿತ್ತು. ಈ ನಗೆಯಲ್ಲಿ ಎದುರಾಳಿಗೆ ಕೂರಲು ಜಾಗವಿಲ್ಲ. ಮೊದಲು ಹೇಳಿದ ಅಳತೆಗೋಲಿನಲ್ಲಿ ನೋಡಿದರೆ, ವಿಜ್ಞಾನಿ ಸ್ವಾಮಿ ವಾಗ್ವಾದಿ ಸ್ವಾಮಿಗಿಂತ ಎತ್ತರದಲ್ಲಿ ನಿಲ್ಲುತ್ತಾರೆ. ಹಾಗೆಂದು ಅವರ ಪ್ರಶ್ನೆಗಳು ಹುರುಳಿಲ್ಲದವಲ್ಲ. ಅವುಗಳನ್ನು ತಣ್ಣನೆಯ ದನಿಯಲ್ಲಿ ಮತ್ತೆ ಕೇಳುವವರು ಬೇಕು.

ನಮಗೆ ಇದರಿಂದೇನು?

ನಮ್ಮ ಕೂಟದ ಪಿಕ್ನಿಕ್ಕೊಂದರಲ್ಲಿ ಒಂದು ಮನೆಯ ಹುಡುಗಿ ಇತಿಹಾಸದಲ್ಲಿ ಪಿಎಚ್‌ಡಿ ಮಾಡಲು ಹೊರಟಿದ್ದಾಳೆಂದು ತಿಳಿದಾಗ ಹಿರಿಯರೊಬ್ಬರು, ‘ಆಗಿಹೋದದ್ದರಲ್ಲಿ ಇನ್ನೇನಮ್ಮ ಹುಡುಕೋದಿದೆ?’ ಎಂದು ಪ್ರೀತಿಯಿಂದಲೇ ಕೇಳಿದರು. ಹುಡುಗಿ ನಕ್ಕು ಸುಮ್ಮನಾದಳು. ಇದು ಅವರೊಬ್ಬರ ಮಾತಲ್ಲ. 2023ರಲ್ಲಿ ಅಮೆರಿಕದ ಸರಕಾರ ವೈದ್ಯಕೀಯ ಸಂಶೋಧನೆಯ ರಾಷ್ಟ್ರೀಯ ಸಂಸ್ಥೆಗಳಿಗೆ ಕೊಟ್ಟದ್ದು ಸುಮಾರು 4,700 ಕೋಟಿ ಡಾಲರ್. ಮಾನವಿಕ ವಿದ್ಯೆಗಳ ರಾಷ್ಟ್ರೀಯ ದತ್ತಿಗೆ ಸುಮಾರು 20 ಕೋಟಿ. ರೋಗ ಗುಣಪಡಿಸಲು ಹೆಚ್ಚು ಹಣ ಬೇಕು, ನಿಜ. ಆ ಹಣದ ಫಲವನ್ನು ಕಣ್ಣಾರೆ ಕಂಡವನು ನಾನು. ಆದರೆ ಹಣದ ಅಂತರವನ್ನೇ ಮೌಲ್ಯದ ಅಂತರವೆಂದು ತಿಳಿದರೆ, ಸೋಮನಾಥಪುರದ ಮೂರ್ತಿಯ ಕೈಯಲ್ಲಿರುವುದು ಏನೆಂದು ಹೇಳಬಲ್ಲವರು ಮುಂದೆ ಸಿಗಲಿಕ್ಕಿಲ್ಲ. ಆಗ ಯಾರು ಗಟ್ಟಿಯಾಗಿ ಹೇಳುತ್ತಾರೋ ಅವರ ಮಾತೇ ಇತಿಹಾಸವಾಗುತ್ತದೆ. ನಮ್ಮ ನುಡಿ, ನಮ್ಮ ಹಿಂದಿನವರ ಬದುಕು, ಎರಡೂ ಅಂಥವರ ಪಾಲಾಗುವುದು ನಮಗೆ ಬೇಕೆ?

ಆದ್ದರಿಂದ ನನ್ನ ಕೋರಿಕೆ ಎರಡು. ಮಕ್ಕಳು ಯಾವ ವಿಷಯ ಆರಿಸಿಕೊಂಡರೂ ‘ಅದರಿಂದ ಕೆಲಸ ಸಿಗುತ್ತಾ?’ ಎಂದು ಕೇಳುವ ಜೊತೆಗೆ, ‘ನಿನ್ನ ಸಾಕ್ಷ್ಯ ಯಾವುದು? ನೀನು ಹೇಳಿದ್ದು ತಪ್ಪಾಗಿದ್ದರೆ ಅದು ಹೇಗೆ ಗೊತ್ತಾಗುತ್ತೆ?’ ಎಂದೂ ಕೇಳೋಣ. ಜೀವರಸಾಯನಶಾಸ್ತ್ರದ ಹುಡುಗನಿಗೂ ಇತಿಹಾಸದ ಹುಡುಗಿಗೂ ಇದೇ ಪ್ರಶ್ನೆ ಸಲ್ಲುತ್ತದೆ. ಎರಡನೆಯದು, ಊರಿನ ಮನೆ ಖಾಲಿ ಮಾಡುವಾಗ ಅಜ್ಜನ ಕಾಲದ ಲೆಕ್ಕದ ಪುಸ್ತಕ, ಜಮೀನಿನ ಕಾಗದ, ಅಜ್ಜಿಯ ಕೈಬರಹದ ಹಾಡಿನ ಪುಸ್ತಕ ಸಿಕ್ಕರೆ ರದ್ದಿಗೆ ಹಾಕಬೇಡಿ. ಫೋನಿನಲ್ಲಾದರೂ ಪ್ರತಿ ಹಾಳೆಯ ಚಿತ್ರ ತೆಗೆದು, ಊರು, ವರ್ಷ, ಯಾರದೆಂದು ಬರೆದಿಡಿ. ಆ ಜಮೀನಿನ ಎಲ್ಲೆಯಲ್ಲಿ ಯಾವ ಮರವಿತ್ತು ಎಂದು ಮುಂದೆ ಯಾರಿಗೋ ಬೇಕಾಗಬಹುದು.